ಮೂರು ರೊಟ್ಟಿಯ ಇಂಗ್ಲಿಷು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯನ್ನು ಅಲಂಕರಿಸಿರುವ ನಮ್ಮ ಸಂಸ್ಥೆಯ ಅಧ್ಯಕ್ಷರಾದ ಮಾನ್ಯ ಮಹಾಂತಪ್ಪನವರೇ, ಅವರ ಬಲಕ್ಕಿರುವ ಮುಖ್ಯೋಪಾಧ್ಯಾಯರಾದ ಕಾಂತೇಶ ಸರ್ ಅವರೇ, ಬೈಲಹೊಂಗಲದ ಒಳಗಿನಿಂದಲೂ ಸವದತ್ತಿ ಕಡೆಯಿಂದಲೂ ಈ ಬಿಸಿಲಿನಲ್ಲಿ ಬಂದಿರುವ ಪಾಲಕರೇ, ನನ್ನ ಸಹೋದ್ಯೋಗಿಗಳೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಮತ್ತು ಸಿಗದ ಸಭಿಕರೇ, ಹಾಗೂ ಮೂರನೆಯ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು, ನಾನು ಏನು ಹೇಳಿದರೂ ಚಪ್ಪಾಳೆ ತಟ್ಟಲು ತಯಾರಾಗಿ ಕುಳಿತಿರುವ ನನ್ನ ಮನೆಯವಳಾದ ಮಹಾನಂದಾ,

ಈ ಆವರಣದಲ್ಲಿ ಕನ್ನಡದಲ್ಲಿ ಮಾತಾಡಲು ನನಗೆ ಇವತ್ತು ವಿಶೇಷ ಅನುಮತಿ ಸಿಕ್ಕಿದೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಇದೇ ಆವರಣದಲ್ಲಿ ಕನ್ನಡ ಕಲಿಸಿದವನಿಗೆ ಇದು ಹೆಮ್ಮೆಯ ಸಂಗತಿ. ಕಾಂತೇಶ ಸರ್ ಈಗಷ್ಟೇ ನನ್ನ ಬಗ್ಗೆ ಇಂಗ್ಲಿಷಿನಲ್ಲಿ ಬಹಳ ಒಳ್ಳೆಯ ಮಾತುಗಳನ್ನಾಡಿದರು. ಅರ್ಧ ತಿಳಿಯಿತು. ತಿಳಿಯದ ಅರ್ಧ ಇನ್ನೂ ಒಳ್ಳೆಯದಿರಬೇಕು. ಮಹಾನಂದಾಗೆ ಒಂದೂ ತಿಳಿಯಲಿಲ್ಲ, ಆದರೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಸಭಿಕರೇ, ನಮ್ಮ ಶಾಲೆಯಲ್ಲಿ ಮೊದಲು ಗೋಡೆಯ ಮೇಲಿನ ಹೆಸರು ಬದಲಾಯಿತು, ಆಮೇಲೆ ಮಾಧ್ಯಮ ಬದಲಾಯಿತು, ಕೊನೆಗೆ ನಮ್ಮ ಎದೆಬಡಿತ ಬದಲಾಯಿತು. ಯಾವ ವಿಷಯ ಕಲಿಸುವವರೇ ಆಗಲಿ, ಪಾಲಕರೊಡನೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಸರಾಗವಾಗಿ ಆಡಲು ಬರಬೇಕು, ಬಂದವರು ಉಳಿಯಬೇಕು, ಬಾರದವರು ಜೂನ್ ತಿಂಗಳಿಂದ ಬರಬೇಕಾಗಿಲ್ಲ ಎಂದು ಆಡಳಿತ ಮಂಡಳಿ ತೀರ್ಮಾನಿಸಿತು. ತೀರ್ಮಾನ ತಪ್ಪು ಎನ್ನಲು ನಾನ್ಯಾರು? ಆದರೆ ಪಾಲಕರು ಯಾರು? ನೇಸರಗಿಯ ನಮ್ಮ ಮುದಕಪ್ಪ. ಅವನಿಗೆ ನಾನು ಗೇಟಿನಲ್ಲಿ "ಹೌ ಆರ್ ಯೂ" ಅಂದರೆ ಅವನು ಟವಲ್ಲು ಕೈಗೆ ತಗೊಂಡು, "ಯಾಕ್ರಿ ಸರ, ನಮ್ಮ ಹುಡುಗ ಏನರ ಮಾಡ್ಯಾನೇನ್ರಿ?" ಎಂದು ಬೆವರುತ್ತಾನೆ.

ನಮ್ಮನ್ನು ತಯಾರು ಮಾಡಲು ಪುಣೆಯಿಂದ ಒಂದು ಕಂಪನಿ ಬಂತು. ಅವರು ಕಲಿಸಿದ ವಿದ್ಯೆಯ ಹೆಸರು ಸ್ಮಾಲ್ ಟಾಕ್. ಅಂದರೆ ಏನೂ ಇಲ್ಲದ್ದರ ಬಗ್ಗೆ ನಗುನಗುತ್ತ ಮಾತಾಡುವುದು. ಎದುರಿಗಿನವರನ್ನು ಯಾವ ಊರು ಎಂದು ಕೇಳಬಾರದು. ಯಾರ ಪೈಕಿ ಎಂದು ಕೇಳಬಾರದು. ಪಗಾರ ಕೇಳಬಾರದು, ಮಕ್ಕಳೆಷ್ಟು ಎಂದು ಕೇಳಬಾರದು. ಹಾಗಾದರೆ ಮನುಷ್ಯರು ಏನು ಮಾತಾಡಬೇಕು? ವೆದರು. ನಾನು ಪ್ರಾಸದ ಮನುಷ್ಯ, ತಕ್ಷಣ ಹೊಳೆಯಿತು: ನಮ್ಮಲ್ಲಿ ವೆದರು ಅಂದರೆ ಬೆವರು. ಏಪ್ರಿಲ್ಲಿನ ಮಧ್ಯಾಹ್ನ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ನೈಸ್ ವೆದರ್" ಅನ್ನಲು ಭಾಷೆ ಸಾಲದು, ಎದೆಗಾರಿಕೆ ಬೇಕು.

ಆದರೂ ಕಲಿತೆ. ನಮ್ಮೂರು ಸಂಪಗಾಂವದ ಬಸ್ಸಿನಲ್ಲಿ ಕಿಟಕಿಯೊಡನೆ ಮಾತಾಡಿ ಕಲಿತೆ. ಪಕ್ಕದ ಸೀಟಿನವರು ಎದ್ದು ಹಿಂದೆ ಹೋಗಿ ಕುಳಿತರು. ಸಂಜೆ ಮನೆಯಲ್ಲಿ ಮಹಾನಂದಾ ರೊಟ್ಟಿ ಬಡಿಯುತ್ತಿದ್ದರೆ, ನಾನು ಅಡುಗೆಮನೆಯ ಬಾಗಿಲಲ್ಲಿ ಅತಿಥಿಯ ಹಾಗೆ ನಿಂತು ಗುಡ್ ಈವ್ನಿಂಗ್ ಅನ್ನುತ್ತಿದ್ದೆ. ಅವಳು "ಬರ್ರಿ, ಕುಂದರ್ರಿ" ಅನ್ನುವಳು. ಹಾಗಲ್ಲ, ಹೌ ಆರ್ ಯೂ ಅನ್ನಬೇಕು ಎಂದು ಹೇಳಿಕೊಟ್ಟೆ. ಕೇಳಿದಳು. ಐ ಯಾಮ್ ಫೈನ್ ಅಂದೆ. ಹಾಗಂದರೇನು ಎಂದಳು. ಆರಾಮ ಇದ್ದೇನೆ ಅಂತ ಎಂದೆ.

"ಸುಳ್ಳ ಹೇಳಬ್ಯಾಡ್ರಿ. ಮೊಣಕಾಲ ಹಿಡದೈತಿ ಅಂತ ನಿನ್ನೆ ರಾತ್ರಿ ಒದರಿದವ್ರು ಯಾರು? ಎಣ್ಣಿ ಹಚ್ಚಿದಾಕಿ ನಾ."

ಏನೇ ನೋವಿದ್ದರೂ ಫೈನ್ ಅನ್ನುವುದೇ ಅಲ್ಲಿಯ ಪದ್ಧತಿ ಎಂದು ತಿಳಿಸಿ ಹೇಳಿದೆ. "ಹಂಗಾರ ಕೇಳೂದ್ಯಾಕ?" ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಆದರೆ ಗಂಡನ ನೌಕರಿಯ ಪ್ರಶ್ನೆ ನೋಡಿ, ಮರುದಿನದಿಂದ ಒಂದು ಸಂಜೆಯೂ ತಪ್ಪಿಸಲಿಲ್ಲ. ನಾನು ಬಸ್ಸಿಳಿದು ಹೊಸ್ತಿಲು ತುಳಿಯುವುದೇ ತಡ, ಕಾಲಿಗೆ ನೀರಿನ ತಂಬಿಗೆ ಮತ್ತು "ಹೌ ಆರ್ ಯೂ" ಎರಡೂ ಒಟ್ಟಿಗೇ ಬರುತ್ತಿದ್ದವು.

ಪರೀಕ್ಷೆಯ ದಿನ ಬಂತು. ಪುಣೆಯಿಂದ ಸಪ್ನಾ ಮೇಡಂ ಎಂಬುವರು ಬಂದು ನಮ್ಮ ಗ್ರಂಥಾಲಯದಲ್ಲಿ ಕುಳಿತರು. ಒಬ್ಬೊಬ್ಬರನ್ನು ಕರೆದು ಕಾಲು ತಾಸು ಅದೂ ಇದೂ ಮಾತಾಡಬೇಕು, ಮೇಜಿನ ಮೇಲಿನ ಮೊಬೈಲಿನಲ್ಲಿ ಅದೆಲ್ಲ ದಾಖಲಾಗಬೇಕು. ನನ್ನ ಪಾಳಿ ಬಂದಾಗ ಊಟದ ಹೊತ್ತು ಮೀರಿತ್ತು. ಹೌ ಆರ್ ಯೂ ಆಯಿತು, ಫೈನ್ ಆಯಿತು. ನೈಸ್ ವೆದರ್ ಅಂದೆ, ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಹೌದೆಂದರು. ನಾನು ವರ್ಷವಿಡೀ ಕಲಿತದ್ದು ಒಂದು ನಿಮಿಷದಲ್ಲಿ ಖಾಲಿ. ಮುಂದೆ? ನಾಲಿಗೆ ತನ್ನ ಹಳೆಯ ಹಾದಿ ಹಿಡಿಯಿತು. ಊಟ ಆಯ್ತೇ ಎಂದು ಕೇಳಿದೆ. ಇಂಗ್ಲಿಷಿನಲ್ಲೇ ಕೇಳಿದೆ, ತಪ್ಪಿಲ್ಲದೆ ಕೇಳಿದೆ.

ಸಭಿಕರೇ, ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ, "ಆತ್ರಿ." ಬೆಳಗಿನಿಂದ ಹನಿ ನೀರು ಕುಡಿಯದವನೂ ಆತ್ರಿ ಅನ್ನುತ್ತಾನೆ. ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಆ ಮೇಡಂ ಪರ ಊರಿನವರು, ಅವರಿಗೇನು ಗೊತ್ತು? "ನೋ, ನಾಟ್ ಯೆಟ್" ಅಂದುಬಿಟ್ಟರು.

ಈಗ ನೀವಾದರೆ ಏನು ಮಾಡುತ್ತಿದ್ದಿರಿ? ಎದುರಿಗೊಬ್ಬ ಹೆಣ್ಣುಮಗಳು, ಉಂಡಿಲ್ಲ ಎಂದು ತನ್ನ ಬಾಯಿಂದಲೇ ಹೇಳಿದ್ದಾಳೆ. ನನ್ನ ಚೀಲದಲ್ಲಿ ಡಬ್ಬಿ ಇದೆ. "ಓ, ಐ ಸೀ" ಎಂದು ಮತ್ತೆ ವೆದರಿಗೆ ಹೋಗುತ್ತಿದ್ದಿರೇನು? ನನ್ನಿಂದಾಗಲಿಲ್ಲ. ಡಬ್ಬಿ ಬಿಚ್ಚಿದೆ. ಮೂರು ಖಡಕ್ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಒಂದು ತುತ್ತು ಬಾಯಿಗಿಟ್ಟ ಮೇಲೆ ಅವರೂ ಬಿಡಲಿಲ್ಲ. ಇನ್ನು ಉಣ್ಣುವವರನ್ನು ಮಾತಾಡಿಸಬಾರದು ಎಂದು ನಮ್ಮವ್ವ ಸುಂದರವ್ವ ನನ್ನ ತಲೆಗೆ ಮೊಟಕಿ ಕಲಿಸಿದ್ದಾಳೆ. ಹಾಗಾಗಿ ಸುಮ್ಮನೆ ಕುಳಿತೆ. ನೀರು ಸರಿಸಿದೆ, ಚಟ್ನಿ ಸರಿಸಿದೆ, ಬಾಯಿ ಮಾತ್ರ ತೆರೆಯಲಿಲ್ಲ. ಮೂರನೆಯ ರೊಟ್ಟಿ ಮುಗಿದಾಗ ಕಾಲು ತಾಸೂ ಮುಗಿದಿತ್ತು. ಮೇಡಂ ಕಣ್ಣಲ್ಲಿ ನೀರಿತ್ತು, ಖಾರಕ್ಕೆ. ವೆರಿ ನೈಸ್ ಎಂದು ಮೊಬೈಲು ತೆಗೆದುಕೊಂಡರು.

ಆ ಸಂಜೆ ಹಸಿದು ಮನೆ ಮುಟ್ಟಿ ಎಲ್ಲ ಹೇಳಿದೆ. ಮಹಾನಂದಾ ಒಂದೇ ಮಾತು ಕೇಳಿದಳು. "ಮೂರೂ ಉಂಡ್ರೇನ್ರಿ?"

ಮೂರೂ ಉಂಡರು ಎಂದೆ.

"ಹಂಗಾರ ಪಾಸ್ ಆದ್ರಿ ತಗೋರಿ. ಒಲ್ಲದವ್ರು ಯಾರರ ಕೈ ತೊಳಕೊಂಡು ಉಣ್ಣಾಕ ಕುಂದರ್ತಾರೇನು?"

ಅವಳ ಮಾತು ಸುಳ್ಳಲ್ಲ. ಕನ್ಯೆ ನೋಡಲು ಬಂದವರು ಚಹಾ ಕುಡಿದೆದ್ದರೆ ಅನುಮಾನ, ಉಂಡೆದ್ದರೆ ಒಪ್ಪಿಗೆ. ಅನ್ನ ಉಂಡು ಇಲ್ಲ ಅನ್ನುವ ಮನುಷ್ಯರನ್ನು ನಾವು ಕಂಡಿಲ್ಲ. ನಾನೂ ನಂಬಿದೆ. ಓಣಿಗೆಲ್ಲ ಪೇಡೆ ಹಂಚಿದೆವು. ಗೌರೀಶ ಮಾಸ್ತರ ಇಂಗ್ಲಿಷಿನ್ಯಾಗ ಪಾಸಾದ್ರು ಎಂದು ಸಂಪಗಾಂವದಲ್ಲಿ ಸುದ್ದಿಯಾಯಿತು.

ಪುಣೆಯಲ್ಲಿ ಕುಳಿತು ಅಂಕ ಹಾಕುವವರು ರೊಟ್ಟಿ ಉಂಡವರಲ್ಲ, ಬೇರೆಯವರು. ಅವರಿಗೆ ಕೇಳಿದ್ದು ಒಂದು ನಿಮಿಷದ ಮಾತು, ಉಳಿದದ್ದೆಲ್ಲ ರೊಟ್ಟಿ ಕಡಿಯುವ ಕಟುಂ ಕುಟುಂ. ಕಾಂತೇಶ ಸರ್ ನನ್ನನ್ನು ಕರೆದು ಅದನ್ನು ಕೇಳಿಸಿದರು. ಸಪ್ನಾ ಮೇಡಂ ನನ್ನ ಪರವಾಗಿ ಬಹಳ ಹೇಳಿದರಂತೆ. ಯಾರೂ ಕೇಳಲಿಲ್ಲವಂತೆ. ನನಗೆ ನಗು ಬಂತು, ಕಾಂತೇಶ ಸರ್ ನಗಲಿಲ್ಲ. ಅವರು ನಗದಿದ್ದಾಗಲೇ ನನಗೆ ತಿಳಿಯಿತು.

ಮಹಾನಂದಾ, ಚಪ್ಪಾಳಿ ಬ್ಯಾಡ. ಕೈ ಕೆಳಗಿಡು. ಇದು ಪಾಸಾದದ್ದಕ್ಕ ಮಾಡಿದ ಸನ್ಮಾನ ಅಲ್ಲ. ಕೊರಳಿಗೆ ಹಾರ, ಕೆಲಸದಿಂದ ದೂರ. ಪ್ರಾಸಕ್ಕ ಹೇಳಿದ್ದಲ್ಲ, ಖರೇನ ಹೇಳಾಕ ಹತ್ತೇನಿ. ಒಲಿ ಮುಂದ ಕುಂತು ಹೇಳಬೇಕಂತ ದಿನಾ ಬರತಿದ್ದೆ. ನೀ ಹೊಸ್ತಿಲದಾಗ ತಂಬಿಗಿ ಹಿಡದು ಹೌ ಆರ್ ಯೂ ಅಂತಿದ್ದಿ. ನಾ ಫೈನ್ ಅಂತಿದ್ದೆ. ಇಡೀ ಇಂಗ್ಲಿಷಿನ್ಯಾಗ ಆ ಒಂದು ಪಾಠ ನನಗ ಪಕ್ಕಾ ಬಂತು.

ಕ್ಷಮಿಸಿ, ಅಧ್ಯಕ್ಷರೇ. ಮನೆಯ ಮಾತು ಮೈಕಿಗೆ ಬಂತು. ನಲವತ್ತಾರು ಎಂಬುದು ವಿಚಿತ್ರ ವಯಸ್ಸು. ಹೊಸ ನೌಕರಿಗೆ ಜಾಸ್ತಿ, ಹಳೆ ನೆನಪಿಗೆ ಕಡಿಮೆ. ಮುಂದೇನು ಎಂದು ಯಾರೂ ಕೇಳಬೇಡಿ. ಕೇಳಿದರೆ ವೆದರಿನ ಬಗ್ಗೆ ಹೇಳುತ್ತೇನೆ.

ಶಾಲು ಹೊದಿಸಿದ ಮಹಾಂತಪ್ಪನವರಿಗೆ, ಈ ಸೆಕೆಯಲ್ಲೂ ಅದನ್ನು ತೆಗೆಯಲು ಬಿಡದ ಛಾಯಾಗ್ರಾಹಕರಿಗೆ, ಕಾಂತೇಶ ಸರ್ ಅವರಿಗೆ, ಇಲ್ಲಿಲ್ಲದ ಸಪ್ನಾ ಮೇಡಂ ಅವರಿಗೆ, ಎಲ್ಲರಿಗೂ ನನ್ನ ಕೃತಜ್ಞತೆಗಳು. ಮಹಾನಂದಾ, ಇವತ್ತ ಸಂಜಿಕ ಮಾತ್ರ ಆ ಇಂಗ್ಲಿಷ್ ಕೇಳಬ್ಯಾಡ. ರೂಢಿಯಾಗಿಬಿಟ್ಟೈತಿ, ಫೈನ್ ಅಂದೇಬಿಡತೇನಿ.

ಸಭೆಯ ನಂತರ ಹಿಂದಿನ ಕೋಣೆಯಲ್ಲಿ ಭೋಜನದ ವ್ಯವಸ್ಥೆ ಇದೆ. ಎಲ್ಲರೂ ಉಂಡು ಹೋಗಬೇಕು. ನನ್ನನ್ನು ಯಾರಾದರೂ ಊಟ ಆಯ್ತೇ ಎಂದು ಕೇಳಿದರೆ, ಆತ್ರಿ ಅನ್ನುತ್ತೇನೆ. ನೀವೂ ನಂಬಿದ ಹಾಗೆ ಮಾಡಿ, ನಡೆದುಬಿಡಿ.

ನಮಸ್ಕಾರ.