ಬೂಬಣ್ಣ ರುಚಿ ನೋಡಿ ಕಳಿಸಿದ ಲಿಂಕು

ಸುಳ್ಳಾಗಿದ್ರೆ ಈ ಮೀಸೆಯನ್ನು ಇಲ್ಲೇ, ಈಗಲೇ ಬೋಳಿಸಿ ಹಾಕು ಮಾನಪ್ಪ. ಕತ್ತಿ ನಿನ್ನ ಕೈಯಲ್ಲೇ ಉಂಟು, ಮುಖ ನಿನ್ನ ಮುಂದೆಯೇ ಉಂಟು. ನಡೆದದ್ದನ್ನು ನಡೆದ ಹಾಗೆ ಹೇಳಿದ್ದು, ಒಂದು ಹನಿ ನೀರು ಸೇರಿಸ್ಲಿಲ್ಲ. ಈ ಬೂಬ ಪೂಜಾರಿ ಟಿವಿಯಲ್ಲಿ ಬರ್ತಾನೆ. ಚಾಪುಡಿಯ ಜಾಹೀರಾತಿನಲ್ಲಿ. ಅಷ್ಟೇ.

ಎಂತ? ದೈವದ ಮೇಲೆ ಆಣೆ ಇಡ್ಬೇಕಾ? ಛೆ ಛೆ. ಇಷ್ಟು ಸಣ್ಣ ವಿಷಯಕ್ಕೆ ಊರಿನ ದೈವವನ್ನು ಡೊಂಬಿವಲಿ ತನಕ ಕರೆಸುವುದಾ? ಮೇ ತಿಂಗಳಲ್ಲಿ ಟಿಕೆಟ್ ಸಿಗ್ತದಾ ಅದಕ್ಕೆ? ಮೀಸೆ ಸಾಕು. ಮೀಸೆ ಎಂತ ಕಡಿಮೆಯಾ?

ನಗ್ತೀಯಾ. ನಗು, ನಗು. ನಗುವಾಗ ಕತ್ತಿ ಮಾತ್ರ ಗಂಟಲಿಂದ ಸ್ವಲ್ಪ ದೂರ ಹಿಡಿ ಮಾರಾಯ.

ಅಲ್ಲ, ಇವತ್ತೆಂತ ಶಟರ್ ಅರ್ಧ ಎಳೆದಿಟ್ಟಿದ್ದೀ? ಹನ್ನೊಂದಕ್ಕೆ ಬಂದ್ ಮಾಡ್ತೀಯಾ? ಆದಿತ್ಯವಾರ ಮಾರಾಯ, ಎಂಐಡಿಸಿ ಫ್ಯಾಕ್ಟರಿಗಳ ಇಡೀ ಜನ ಗಡ್ಡ ಹಿಡ್ಕೊಂಡು ಬರುವ ದಿವಸ. ಎಲ್ಲಿಗೆ ಹೋಗ್ಲಿಕ್ಕುಂಟು? ಹೇಳುವುದಿಲ್ಲವಾ. ಆಯ್ತು, ಹೇಳ್ಬೇಡ. ಆ ಇನ್ನೊಂದು ಕುರ್ಚಿಗೆ ಇನ್ನೂ ಹಗ್ಗವೇ ಗತಿಯಾ? ಈ ತಿಂಗಳು ಹೊಸ ಕುರ್ಚಿ ತರ್ತೇನೆ ಅಂದಿದ್ದಿ. ದುಡ್ಡು ಕೂಡಿಟ್ಟದ್ದು ಉಂಟು ಅಂದಿದ್ದಿ... ಮತ್ತೆ? ಹ್ಞೂಂ ಅಂದ್ರೆ ಎಂತ ಅರ್ಥ?

ಇವತ್ತಿನ ಸುದ್ದಿಯ ಕಟ್ಟು ನೋಡಿದ್ಯಾ, ಅದು ಹೇಳು. ಬೆಳಿಗ್ಗೆ ಕಳಿಸಿದ್ದು. ನೋಡ್ಲಿಲ್ಲವಾ? ಅಯ್ಯೋ ದೇವರೇ. ಇಡೀ ವಾಟ್ಸಾಪ್ ಗ್ರೂಪೇ ಚಾ ಕುಡಿಯದೆ ಕಾಯ್ತದೆ, ಬೂಬಣ್ಣನ ಕಟ್ಟು ಬರ್ಲಿ, ಆಮೇಲೆ ಹಾಲು ಬಿಸಿ ಮಾಡುವ ಅಂತ. ನೆರೂಳದ ಅಶ್ವತ್ಥನಾರಾಯಣ ಸಾರ್ ಉಂಟಲ್ಲ, ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯಲ್ಲಿದ್ದವರು, ಅವರೇ ಹೇಳಿದ್ದು, ಪೇಪರ್ ತರಿಸುವುದು ಬಿಟ್ಟೆ ಬೂಬಣ್ಣ, ನಿಮ್ಮದೇ ಸಾಕು ಅಂತ. ನಾನು ಕಲಿತದ್ದು ಮೂರನೇ ಕ್ಲಾಸು. ಬರೆಯುವ ಉಪದ್ರವೇ ಇಲ್ಲ. ಲಿಂಕು ಹಾಕುವುದು, ಕೆಳಗೆ ಬಾಯಲ್ಲಿ ಹೇಳಿ ಕಳಿಸುವುದು.

ಅದರಲ್ಲಿ ಒಂದು ಕ್ರಮ ಉಂಟು ಗೊತ್ತುಂಟಾ? ಎಲೆಗೆ ಬಡಿಸುವ ಕ್ರಮ. ಮೊದಲು ತುದಿಗೆ ಉಪ್ಪು, ಉಪ್ಪಿನಕಾಯಿ. ಅದು ರಾಜಕೀಯ. ನಾಲಿಗೆಗೆ ತಾಗಿಸಿದ್ರೆ ಸಾಕು, ಹೆಚ್ಚು ತಿಂದ್ರೆ ಬಿಪಿ. ಆಮೇಲೆ ಹಪ್ಪಳ, ಅದು ಜಾಹೀರಾತು. ಶಬ್ದ ಜೋರು, ಹೊಟ್ಟೆ ತುಂಬುವುದಿಲ್ಲ. ಕೊನೆಗೆ ಪಾಯಸ. ಸಿನಿಮಾ, ಸೀರಿಯಲ್ಲು, ಯಾರಿಗೆ ಯಾರ ಜೊತೆ ಮದುವೆ.

ಇವತ್ತಿನ ಉಪ್ಪಿನಕಾಯಿ ಕೇಳು. ಕಲ್ಯಾಣದ ಕಡೆ ಒಬ್ಬ ಪುಢಾರಿ ರಸ್ತೆಯ ಹೊಂಡ ಮುಚ್ಚುವ ಉದ್ಘಾಟನೆಗೆ ಬಂದಿದ್ದಾನೆ. ತೆಂಗಿನಕಾಯಿ ಒಡೆದ. ಒಂದು ಹೋಳು ಹೊಂಡಕ್ಕೆ ಬಿತ್ತು. ಬಿದ್ದದ್ದು ಬಿದ್ದದ್ದೇ, ಕಾಣುವುದಿಲ್ಲ! ಹಿಂದೆ ಜೈಕಾರ ಹಾಕ್ತಿದ್ದವರೆಲ್ಲ ಬಗ್ಗಿ ಕೈ ಹಾಕಿ ಹುಡುಕುವುದು. ಒಬ್ಬನಿಗೆ ಚಪ್ಪಲಿ ಸಿಕ್ಕಿತು, ತೆಂಗಿನಕಾಯಿ ಸಿಗ್ಲಿಲ್ಲ.

ಹಪ್ಪಳ? ಅದು ಇನ್ನೂ ಚಂದ. ನಮ್ಮ ಸ್ಟೇಷನ್ ಹತ್ತಿರ ಹುಟ್ಟುಹಬ್ಬದ ಫ್ಲೆಕ್ಸ್ ಹಾಕಿದ್ದಾರಲ್ಲ, ದೊಡ್ಡ ಮುಖ ಒಂದು, ಶುಭಾಶಯ ಕೋರುವ ಸಣ್ಣ ಮುಖಗಳು ಲೆಕ್ಕವಿಲ್ಲದಷ್ಟು. ಯಾರೋ ಅದರ ಕೆಳಗೆ ಸರಿಯಾಗಿ ಮೂಲವ್ಯಾಧಿ ಡಾಕ್ಟರನ ಬೋರ್ಡು ಕಟ್ಟಿದ್ದಾರೆ. ದೂರದಿಂದ ನೋಡಿದ್ರೆ, ಅಷ್ಟೂ ಜನ ಗುಣವಾಗಿ ಹೋದ ಪೇಷಂಟುಗಳು. ಕೈಮುಗಿದು ನಿಂತಿದ್ದಾರೆ ಬೇರೆ.

ಹಾಂ, ಈಗ ನಕ್ಕೆ ನೀನು. ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಿ.

ಪಾಯಸ ನನ್ನ ಹೆಂಡತಿ ಬಾಗಿಯ ಪಾಲಿನದ್ದು. ಅವಳು ನೋಡುವ ಸೀರಿಯಲಿನ ಅತ್ತೆ ಮೂರನೇ ಸಲ ಸತ್ತು ವಾಪಸ್ ಬಂದಳು. ಬಾಗಿ ಮೂರು ಸಲವೂ ಅತ್ತಳು. ನನ್ನ ಅಮ್ಮ ಒಂದೇ ಸಲ ಸತ್ತದ್ದು, ಆಗ ಅವಳು ಇಷ್ಟು ಅಳ್ಲಿಲ್ಲ.

ಆದರೆ ಒಂದು ತಿಳ್ಕೋ. ರುಚಿ ನೋಡದೆ ನಾನು ಒಂದು ಲಿಂಕನ್ನೂ ಕಳಿಸುವುದಿಲ್ಲ. ನಲ್ವತ್ತು ವರ್ಷ ಸ್ಟೇಷನ್ ಎದುರಿನ ಹೋಟೆಲಲ್ಲಿ ಇದ್ದೆ, ಕಪ್ಪು ಬಸಿ ತೊಳೆಯುವುದರಿಂದ ಗಲ್ಲಾಪೆಟ್ಟಿಗೆಯ ತನಕ. ಸಾಂಬಾರಿನ ಮೊದಲ ಸೌಟು ಈ ಅಂಗೈಗೆ, ಆಮೇಲೆ ಗಿರಾಕಿಯ ಎಲೆಗೆ. ಲಿಂಕೂ ಹಾಗೆಯೇ. ಮೊದಲು ನಾನು ಒತ್ತಿ ನೋಡುವುದು, ಪೂರ್ತಿ ಕೇಳುವುದು, ಆಮೇಲೆ ನಿಮಗೆ. ಬೂಬಣ್ಣ ಕಳಿಸಿದ್ದು ಅಂದ್ರೆ ಕಣ್ಣು ಮುಚ್ಚಿ ಒತ್ತಬಹುದು. ಹೌದಾ ಅಲ್ಲವಾ? ಹೌದಲ್ಲ.

ಆ ಚಾಪುಡಿಯ ಲಿಂಕೂ ಹಾಗೆ ಬಂದದ್ದು. ಮೀಸೆ ಇರುವ ಹಿರಿಯರು ಬೇಕಾಗಿದ್ದಾರೆ ಅಂತ. ಒತ್ತಿದೆ. ಫೋಟೋ ಕೇಳಿದ್ರು, ಕಳಿಸಿದೆ. ಕೂಡಲೇ ಫೋನು. ಒಬ್ಬಳು ಹೆಂಗಸು, ಸ್ವರ ಅಂದ್ರೆ ರೈಲ್ವೆ ಎನೌನ್ಸ್‌ಮೆಂಟಿನ ಹಾಗೆ. ಅಂಕಲ್, ಆಪ್ ಕಾ ಫೇಸ್ ಏಕ್‌ದಂ ನ್ಯಾಚುರಲ್ ಹೈ. ಬಾಗಿ ಹತ್ತಿರವೇ ಇದ್ದಳು, ಸ್ಪೀಕರಲ್ಲಿ ಹಾಕಿ ಕೇಳಿಸಿದೆ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿವಸ ನನ್ನ ಮುಖದ ಸುದ್ದಿ ತೆಗ್ದವಳಲ್ಲ, ಅವತ್ತು ಎರಡು ಸಲ ತಿರುಗಿ ನೋಡಿದಳು.

ಶಿಳಫಾಟಾ ದಾಟಿ ಮಹಾಪೆಗೆ ಬಸ್ಸಲ್ಲಿ ಹೋದೆ. ಗಾಜಿನ ಬಿಲ್ಡಿಂಗು. ಕ್ಯಾಮೆರಾ ನಮ್ಮ ದೋಸೆಕಲ್ಲಿನಷ್ಟು ದೊಡ್ಡದು. ಲೈಟಿನ ಬಿಸಿಗೆ ಇಡ್ಲಿ ಬೇಯಿಸಬಹುದು. ಮುಖಕ್ಕೆ ಪೌಡರ್ ಹಚ್ಚಿದ್ರು. ಗ್ಲಾಸು ಕೈಗೆ ಕೊಟ್ಟು, ಕುಡಿದು ವಾಹ್ ಅನ್ನಿ ಅಂದ್ರು. ನಾನು ನೋಡಿದೆ, ಬಣ್ಣದ ನೀರು! ಕೂಡಲೇ ಹೇಳಿದೆ, ಸಾಬ್, ಇದಕ್ಕೆ ವಾಹ್ ಅನ್ನುವ ನಾಲಿಗೆ ನನ್ನದಲ್ಲ. ಶುಂಠಿ ಜಜ್ಜಿ, ಹಾಲು ಉಕ್ಕಿಸಿ, ಮೇಲಿಂದ ಎತ್ತಿ ಹೊಯ್ದು ತನ್ನಿ. ಇಡೀ ಶೂಟಿಂಗ್ ನಿಂತಿತು. ಚಾ ಬಂತು. ಕುಡಿದೆ. ವಾಹ್ ಅಂದೆ. ಒಂದೇ ಶಾಟಿಗೆ ಓಕೆ. ಎಲ್ಲ ಚಪ್ಪಾಳೆ ಹೊಡೆದ್ರು.

ಗ್ರೂಪಿಗೆ ಮೊನ್ನೆ ಇದನ್ನೇ ಹೇಳಿ, ಲಿಂಕೂ ಕಳಿಸಿದ್ದು. ನಾನು ರುಚಿ ನೋಡಿದ್ದೇನೆ, ನೀವೂ ನೋಡಿ ಅಂತ. ಅಶ್ವತ್ಥನಾರಾಯಣ ಸಾರ್ ಕೇಳಿದ್ರು, ಎಷ್ಟು ಸಿಕ್ಕಿತು ಬೂಬಣ್ಣ ಅಂತ. ದೊಡ್ಡ ಕಲಾವಿದರು ಸಂಬಳ ಹೇಳುವುದಿಲ್ಲ.

ಎಷ್ಟನೇ ಮಾಳಿಗೆಯಾ? ಎರಡು. ನಾಲ್ಕು ಅಂದಿದ್ದೆನಾ ಗ್ರೂಪಿನಲ್ಲಿ? ಎರಡೋ ನಾಲ್ಕೋ, ಲಿಫ್ಟಲ್ಲಿ ಹೋದವನಿಗೆ ಎಂತ ಲೆಕ್ಕ. ಡೈರೆಕ್ಟರನ ಹೆಸರಾ? ಅದು... ದಿಲ್ಲಿಯವ. ದಿಲ್ಲಿಯವರ ಹೆಸರು ನನ್ನ ಬಾಯಿಗೆ ತಿರುಗುವುದಿಲ್ಲ. ನೀನೆಂತ ಪೊಲೀಸಾ? ಗಡ್ಡ ಮಾಡು.

ಡಿಪಾಸಿಟ್ಟಾ?

ಯಾವ ಡಿಪಾಸಿಟ್? ಶೂಟಿಂಗ್ ಆದ ಮೇಲೆ ವಾಪಸ್ ಕೊಡ್ತಾರಾ ಅಂತಾ... ನಿನಗೆ ಯಾರು ಹೇಳಿದ್ರು ಡಿಪಾಸಿಟ್ ಅಂತ? ನಾನು ಗ್ರೂಪಿನಲ್ಲಿ ಅದರ ಸುದ್ದಿಯೇ ತೆಗಿಲಿಲ್ಲವಲ್ಲ.

ಮಾನಪ್ಪ, ಸ್ವಲ್ಪ ಸರಿ ಆಚೆ. ಕನ್ನಡಿಯಲ್ಲಿ ಕಾಣ್ತದೆ. ಹಿಂದೆ ಮೊಳೆಗೆ ತೂಗಿಸಿದ್ದು ಎಂತ? ಇಸ್ತ್ರಿ ಹಾಕಿದ ಅಂಗಿ. ಹೊಸತು. ಈಚೆ ತಿರುಗು... ಮಂಡೆಗೆ ಬಣ್ಣ ಹಾಕಿದ್ದೀಯಾ ನೀನು? ಬೇರೆಯವರಿಗೆ ಹಾಕುವವ ನೀನೇ ಹಾಕ್ಕೊಂಡಿದ್ದೀ. ಎಲ್ಲಿಗೆ ಹೊರಟದ್ದು ಹೇಳು. ಹೇಳು ಮಾರಾಯ.

ಫೋನು ಎಂತಕ್ಕೆ ಕೊಡ್ತೀ ನನಗೆ, ಓದ್ಲಿಕ್ಕೆ ಬರ್ತದಾ? ನೀನೇ ಒತ್ತು. ಜೋರಾಗಿ ಇಡು.

...

ಅವಳೇ. ಅದೇ ರೈಲ್ವೆ ಸ್ವರ. ಭೈಯ್ಯಾ, ಆಪ್ ಕಾ ಫೇಸ್ ಏಕ್‌ದಂ... ನಿನಗೂ ನ್ಯಾಚುರಲ್ ಅಂದಳಾ? ಶೇವಿಂಗ್ ಕ್ರೀಮಿನ ಜಾಹೀರಾತಿಗೆ ಅಸಲಿ ನಾಪಿತ ಬೇಕಂತಾ. ಬಾಕಿ ಡಿಪಾಸಿಟ್ ಇವತ್ತು ಮಹಾಪೆಯ ಗೇಟಿನಲ್ಲಿ ಕೊಡ್ಬೇಕಂತಾ. ಒಳ್ಳೆ ಕತೆ. ನಿಮ್ಮ ವಿಜಾಪುರದ ನಾಟಕದಲ್ಲಿ ಹೆಣ್ಣಿನ ಪಾರ್ಟು ಮಾಡ್ತಿದ್ದೆ, ಸೀರೆ ಉಟ್ಟು ಬಂದ್ರೆ ಸೀಟಿ ಹೊಡೀತಿದ್ರು ಅಂತ ನೀನು ಹೇಳುವಾಗೆಲ್ಲ ನಾನು ನಕ್ಕದ್ದು. ಆ ಹುಚ್ಚು ಇನ್ನೂ ಒಳಗೆ ಉಂಟಾ ನಿನಗೆ?

ಬೂಬಣ್ಣ ರುಚಿ ನೋಡಿದ ಲಿಂಕು ಅಂತ ಒತ್ತಿ, ದುಡ್ಡು ಕಟ್ಟಿದೆಯಾ? ಮೊದಲಿನ ಕಂತು ಕಟ್ಟಿ ಆಯ್ತಾ? ಈಗ ಕಿಸೆಯಲ್ಲಿರುವುದು... ಕುರ್ಚಿಯ ದುಡ್ಡಾ?

ಎಂತ ಹೇಳಿದೆ? ಇನ್ನೊಮ್ಮೆ ಹೇಳು.

ದೈವದ ಹೆಸರು ತೆಗೆದು ಹೇಳ್ಬೇಕಾ. ಡಿಪಾಸಿಟ್ ವಾಪಸ್ ಬಂತು ಅಂತ ನಾನು ದೈವದ ಮೇಲೆ ಆಣೆ ಇಟ್ರೆ ನೀನು ಧೈರ್ಯದಲ್ಲಿ ಹೋಗ್ತೀ.

...

ಕತ್ತಿ ಹಿಡಿದು ಕನ್ನಡಿಯೊಳಗಿಂದ ಹಾಗೆ ನೋಡ್ಬೇಡ ಮಾನಪ್ಪ. ಬಯ್ಯಿ ಬೇಕಾದ್ರೆ. ಗಿರಾಕಿಯ ತಲೆ ತಿನ್ನುವ ಬಾಯಿ ನಿನ್ನದು, ಒಮ್ಮೆ ಬಿಟ್ರೆ ಕಲ್ಯಾಣ ತನಕ ನಿಲ್ಲುವುದಿಲ್ಲ. ಇವತ್ತು ಅದನ್ನು ನನ್ನ ಮೇಲೆ ಬಿಡು.

ಆ ಹೆಸರಲ್ಲಿ ಸುಳ್ಳು ಹೇಳ್ಲಿಕ್ಕೆ ನನಗೆ ಆಗುವುದಿಲ್ಲ. ನಮ್ಮಲ್ಲಿ ಯಾರಿಗೂ ಆಗುವುದಿಲ್ಲ. ಅಂಗಿ ಮಡಚಿಡು. ಹೋಗ್ಬೇಡ.

ಕ್ಯಾಮೆರಾ ಇಲ್ಲ ಅಲ್ಲಿ. ಗೇಟಿಗೆ ಬೈಕಲ್ಲಿ ಒಬ್ಬ ಬಂದ, ಬಾಕಿ ಡಿಪಾಸಿಟ್ ತೆಗೊಂಡ, ಒಂದು ಚೀಟಿ ಕೊಟ್ಟು ಮೇಲೆ ಹೋಗಿ ಅಂದ. ಮೇಲೆ ಹೋದೆ. ಶಟರ್. ಬೀಗ. ಬೀಗಕ್ಕೆ ತುಕ್ಕು. ಮೆಟ್ಟಿಲ ಮೇಲೆ ನನ್ನ ಹಾಗೆಯೇ ಮೂರು ಮೀಸೆಗಳು ಕೂತಿದ್ದವು, ಇಸ್ತ್ರಿ ಅಂಗಿ ಹಾಕ್ಕೊಂಡು. ಒಬ್ಬ ಸರ್ದಾರ್, ಒಬ್ಬ ಮರಾಠಿಯವ, ಒಬ್ಬ ಯಾರೋ ಮಿಲಿಟರಿ ರಿಟೈರು. ನಾನು ನಾಲ್ಕನೆಯವ. ಮಿಲಿಟರಿಯವ ಸರಿದು ಜಾಗ ಕೊಟ್ಟ. ಎಲ್ಲರಿಗೂ ಅವಳು ನ್ಯಾಚುರಲ್ ಅಂದಿದ್ದಳು. ಅದು ನನಗೆ ದುಡ್ಡಿಗಿಂತ ಜಾಸ್ತಿ ಬೇಜಾರಾದ ವಿಷಯ, ಸತ್ಯ ಹೇಳ್ತೇನೆ.

ಮನೆಗೆ ಬಂದು ಬಾಗಿಗೆ ಹೇಳುವ ಅಂತಲೇ ಇದ್ದೆ. ಬಾಗಿಲು ತೆಗೆದವಳ ಕೈಯಲ್ಲಿ ಉಪ್ಪು, ಒಣಮೆಣಸು. ದೃಷ್ಟಿ ತೆಗಿಲಿಕ್ಕೆ! ಹಿಂದೆ ಬಿಲ್ಡಿಂಗಿನ ಹೆಂಗಸರೆಲ್ಲ. ಅಷ್ಟು ಜನರ ಮಧ್ಯೆ ಬಾಯಿ ತೆಗೆದೆ, ಶುಂಠಿ ಚಾದ ಕತೆ ಹೊರಗೆ ಬಂತು. ಬಂದದ್ದು ಒಳಗೆ ಹೋಗ್ಲೇ ಇಲ್ಲ.

ಎಂತ, ನಗ್ತೀಯಾ? ಮೂರು ಮೀಸೆಗೆ ನಗ್ತೀಯಾ? ನಗು ಮಾರಾಯ. ಮೊದಲು ಕಟ್ಟಿದ್ದು ಹೋಯಿತು ನಿನ್ನದು, ಅದು ನನ್ನ ಮಂಡೆಗೆ. ಕುರ್ಚಿಯಾದ್ರೂ ಉಳಿಯಿತಲ್ಲ.

ಈಗ ಮೀಸೆ ತೆಗಿ. ಬೇಡ ಅನ್ಬೇಡ. ಸುಳ್ಳಾಗಿದ್ರೆ ಬೋಳಿಸು ಅಂದವ ನಾನು, ಸುಳ್ಳೂ ಆಯ್ತು. ಸೋಪು ಹಚ್ಚು. ಹಾಂ, ಆಚೆ ಕಡೆಯದ್ದೂ... ಬಾಗಿ ಗುರ್ತು ಹಿಡೀತಾಳೋ ಇಲ್ಲವೋ. ಯಬ್ಬ, ಗಾಳಿ ತಾಗ್ತದೆ ಮಾರಾಯ ತುಟಿಗೆ.

ನನ್ನ ಫೋನು ತೆಗಿ, ಗ್ರೂಪು ಓಪನ್ ಮಾಡು. ಇನ್ನು ಯಾರು ಯಾರು ಅಂಗಿಗೆ ಇಸ್ತ್ರಿ ಹಾಕ್ತಿದ್ದಾರೋ. ಮೈಕಿನ ಬಟನ್ ಒತ್ತಿ ಹಿಡಿ. ಬಿಡ್ಬೇಡ, ಬಿಟ್ರೆ ಅರ್ಧವೇ ಹೋಗ್ತದೆ. ಹಿಡಿದೆಯಾ?

ನಮಸ್ಕಾರ. ಬೂಬಣ್ಣ ಮಾತಾಡುವುದು, ಮಾನಪ್ಪನ ಸಲೂನಿಂದ. ಇವತ್ತಿನ ಕಟ್ಟಿನಲ್ಲಿ ಒಂದು ಐಟಂ ಬಡಿಸ್ಲಿಕ್ಕೆ ಬಾಕಿ ಉಂಟು. ಚಾಪುಡಿಯ ಲಿಂಕನ್ನು ಯಾರೂ ಒತ್ತಬೇಡಿ. ಒತ್ತಿದವರು ಮಹಾಪೆಗೆ ಹೋಗ್ಬೇಡಿ, ಅಲ್ಲಿ ಮೆಟ್ಟಿಲು ಬಿಟ್ರೆ ಎಂತದೂ ಇಲ್ಲ. ನಾನು ಟಿವಿಯಲ್ಲಿ ಬರುವುದಿಲ್ಲ. ಮೀಸೆಯೂ ಈಗ ಇಲ್ಲ, ರಸ್ತೆಯಲ್ಲಿ ಕಂಡ್ರೆ ನೀವೇ ಮಾತಾಡಿಸಿ. ಅಶ್ವತ್ಥನಾರಾಯಣ ಸಾರ್, ಎಷ್ಟು ಸಿಕ್ಕಿತು ಅಂತ ಕೇಳಿದ್ದಿರಿ. ಸಿಕ್ಕಿದ್ದಲ್ಲ ಸಾರ್, ಹೋದದ್ದು. ಮೊದಲು ಬ್ಯಾಂಕಿನಲ್ಲಿ ಕಟ್ಟಿದ್ದು, ಆಮೇಲೆ ಬೈಕಿನವನಿಗೆ ಕೊಟ್ಟದ್ದು, ಆ ಮೂರು ಮೀಸೆಗಳಿಗೆ ನಾನೇ ತಿನ್ನಿಸಿದ ವಡಾಪಾವ್, ಬಸ್ಸಿನ ಟಿಕೆಟು, ಎಲ್ಲ ಸೇರಿ ಆರು ಸಾವಿರದ ಎಂಟುನೂರ ನಲ್ವತ್ತೆಂಟು ರೂಪಾಯಿ.