ಹೂಂ ಅಜ್ಜಿ ಕೇಳಿದ ಅರ್ಧ ಕತೆ

ನಗೋರು ಈಗಲೇ ಎದ್ದು ಹೋಗಿ. ಆಮೇಲೆ ಒಬ್ಬೊಬ್ಬರೇ ಹೋಗೋಕೆ ಹೆದರಿಕೆ ಅಂದ್ರೆ ನಾನಂತೂ ಜೊತೆಗೆ ಬರಲ್ಲ. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಅಕ್ಕ ಇವತ್ತಿಗೂ ಇದ್ದಾಳೆ, ಬೇಕಾದ್ರೆ ಹೋಗಿ ಕೇಳಿ.

ಅವತ್ತು ಅವಳು ಹೊಲಿಗೆ ಕಾರ್ಖಾನೆಯಿಂದ ಹೊರಟಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಹಾಳುಬಾವಿಯ ಓಣಿ ಹಿಡಿದಳು. ಬಾವಿಗೆ ಮುಚ್ಚಿದ್ದ ತಗಡು ಗಾಳಿಗೆ ಟಣ್... ಟಣ್... ಅಂತಿತ್ತು. ಅಕ್ಕನಿಗೆ ಭಯ ಅನ್ನೋದೇ ನೆನಪಿರಲಿಲ್ಲ, ಅಷ್ಟು ಸಿಟ್ಟು. ಸಿಟ್ಟು ಬಂದರೆ ತನ್ನಷ್ಟಕ್ಕೆ ಬೈದುಕೊಂಡು ನಡೆಯುವವಳು ಅವಳು.

"ಅವನ ಕೈ ಸೇದ್ಹೋಗ!" ಅಂದಳು.

ಹಿಂದಿನಿಂದ... ಕಿವಿಗೆ ತೀರ ಹತ್ತಿರ...

"ಹೂಂ..."

ಅಕ್ಕನ ಕಾಲು ನಿಂತಿತು. ಆ ಹೂಂ ಯಾರದು ಅಂತ ತಿರುಗಿ ನೋಡದೆಯೇ ಗೊತ್ತಾಯಿತು. ಆ ಹೂಂ ಅನ್ನುತ್ತಿದ್ದವಳು ಸತ್ತು ಇನ್ನೂ ವಾರವಾಗಿರಲಿಲ್ಲ.

ಅಕ್ಕನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕೈಯಲ್ಲೇ ಗುಂಡಿ ಹಾಕುವ ಹಾಲ್ ಒಂದಿತ್ತು. ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಗುಂಡಿ ಹಾಕುತ್ತಿದ್ದರು. ಒಬ್ಬಳು ಗಟ್ಟಿಯಾಗಿ ಕತೆ ಓದುವುದು, ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಳ್ಳುವುದು, ಇದು ಅಲ್ಲಿನ ಪದ್ಧತಿ. ಓದುವವಳು ಅಕ್ಕ. ರದ್ದಿ ಅಂಗಡಿಯಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಹಳೇ ಮಾಸಪತ್ರಿಕೆಗಳನ್ನು ತರುತ್ತಿದ್ದಳು. ಚಂದ್ರನಲ್ಲಿ ಬಾವಿ ತೋಡುವವರು, ಹೊಟ್ಟೆಕಿಚ್ಚು ಪಡುವ ಯಂತ್ರಗಳು, ನೆರಳನ್ನು ಬಾಡಿಗೆಗೆ ಕೊಡುವ ಊರು... ಅಂಥ ಸಣ್ಣ ಸಣ್ಣ ಕತೆಗಳೆಂದರೆ ಎಲ್ಲರಿಗೂ ಪ್ರಾಣ.

ಎಲ್ಲರ ತಲೆಯೂ ಸೂಜಿಯ ಮೇಲೆ ಬಗ್ಗಿರುವಾಗ ಯಾರು ಕೇಳುತ್ತಿದ್ದಾರೆ ಅಂತ ಓದುವವಳಿಗೆ ತಿಳಿಯುವುದು ಹೇಗೆ? ಅದಕ್ಕೇ ಹೂಂಗುಡಲು ಒಬ್ಬರು ಬೇಕು. ಆ ಕೆಲಸ ಮೂಲೆಯ ಮುದುಕಿಯದು. ಕಣ್ಣು ಮಂಜಾಗಿತ್ತು, ಕೈಗೆ ಮಾತ್ರ ಕೆಲಸ ಗೊತ್ತಿತ್ತು. ಭಯಕ್ಕೊಂದು ಹೂಂ, ಅನುಮಾನಕ್ಕೊಂದು ಹೂಂ. ಎಲ್ಲರ ಬಾಯಲ್ಲೂ ಅವಳು ಹೂಂ ಅಜ್ಜಿ. ಇನ್ನೊಂದು ಕಟ್ಟುನಿಟ್ಟು: ಮುಂದಿನ ಪುಟ ಯಾರೂ ಕದ್ದು ನೋಡುವ ಹಾಗಿಲ್ಲ, ಓದುವವಳು ಕೂಡ!

ಆ ತಿಂಗಳು ಓದುತ್ತಿದ್ದದ್ದು ಮೋಡದ ಮೇಲೆ ತೇಲುವ ಪಟ್ಟಣದ ಕತೆ. ಕೆಳಗೆ ನೆಲ ಇದೆಯೋ ಇಲ್ಲವೋ ಅಂತ ನೋಡಿ ಬರಲು ಒಬ್ಬ ಹುಡುಗಿಯನ್ನು ಹಗ್ಗ ಕಟ್ಟಿ ಇಳಿಸುತ್ತಾರೆ. ಮೋಡದ ನಡುವೆ ಹಗ್ಗ ಮುಗಿದುಹೋಗುತ್ತದೆ...

ಸರಿಯಾಗಿ ಅಲ್ಲಿಗೆ ಹೊಸ ಸೂಪರ್‌ವೈಸರ್ ಒಳಗೆ ಬಂದ. "ಸೈಲೆನ್ಸ್!" ಅನ್ನುವುದು ಬಿಟ್ಟು ಬೇರೆ ಮಾತು ಬಾರದ ಮನುಷ್ಯ. ಹೆಂಗಸರು ಅವನಿಗೆ ಅದೇ ಹೆಸರಿಟ್ಟಿದ್ದರು. ಅಕ್ಕನ ಕೈಯಿಂದ ಪತ್ರಿಕೆ ಕಿತ್ತುಕೊಂಡ. ಅವತ್ತಿಂದ ಹಾಲ್ ಸ್ಮಶಾನ. ಹೂಂಗುಡುವುದಕ್ಕೆ ಏನೂ ಇಲ್ಲದೆ ಅಜ್ಜಿಗೆ ತೂಕಡಿಕೆ ಬಂತು. ಅದನ್ನೇ ನೆಪ ಮಾಡಿಕೊಂಡು ಸೈಲೆನ್ಸ್ ಅವಳನ್ನು ಕೆಲಸದಿಂದ ತೆಗೆದ. ಮನೆಗೆ ಹೋಗಿ ಮಲಗಿದವಳು ಮತ್ತೆ ಏಳಲಿಲ್ಲ.

ಕೊನೆಗೆ ಅಕ್ಕ ನೋಡಲು ಹೋದಾಗ ಅಜ್ಜಿ ನೀರು ಕೇಳಲಿಲ್ಲ, ಮಗನನ್ನು ಕೇಳಲಿಲ್ಲ. "ಆ ಹುಡುಗಿ... ಕೆಳಗೆ ನೆಲ ಇತ್ತೇನೇ?" ಅಂದಳು.

ಮುಂದಿನ ಪುಟ ನೋಡಿದ್ದರೆ ತಾನೆ ಅಕ್ಕ ಹೇಳುವುದು? "ಇತ್ತಜ್ಜಿ, ಹಸಿರು ನೆಲ" ಅಂದಳು. ಅಜ್ಜಿ ಗೋಡೆ ಕಡೆ ತಿರುಗಿ, "ಕಟ್ಟಿ ಹೇಳ್ಬೇಡ" ಅಂದಳು. ಅಷ್ಟೇ ಅವಳ ಕೊನೇ ಮಾತು. ಅಕ್ಕ ಇದನ್ನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಬಾವಿ ಓಣಿಯ ರಾತ್ರಿ ಅಕ್ಕ ಓವರ್‌ಟೈಮ್ ಮುಗಿಸಿ, "ಪತ್ರಿಕೆ ಕೊಡಿ ಸಾರ್, ಒಂದೇ ಒಂದು ಪುಟ ಓದಿ ವಾಪಸ್ ಕೊಡ್ತೀನಿ" ಅಂತ ಅಂಗಲಾಚಿದ್ದಳು. ಸೈಲೆನ್ಸ್ ನಗುತ್ತಾ ಹೊಲಿಗೆ ಯಂತ್ರದ ಕೆಳಗೆ ಕೈ ತೋರಿಸಿದ. ಎಣ್ಣೆ ಒರೆಸಿ ಎಸೆದ ಕಪ್ಪು ಕಾಗದದ ಉಂಡೆಗಳು! ಬಿಡಿಸಿದರೆ ಒಂದಕ್ಷರ ಕಾಣಲಿಲ್ಲ. ಉಂಡೆಗಳನ್ನು ಅಲ್ಲೇ ಬಿಸಾಕಿ ಹೊರಬಿದ್ದಳು. ಈಗ ಹೇಳುವಾಗ ನನಗೂ ಸಿಟ್ಟು ಬರ್ತಿದೆ.

ಬಾವಿಯ ತಗಡು ಸುಮ್ಮನಾಯಿತು. ಕಿವಿಯ ಹತ್ತಿರ ಮತ್ತೆ ಪಿಸುಮಾತು.

"ಆಮೇಲೆ?"

ಬೇರೆ ಯಾರಾದರೂ ಆಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದರು. ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನನ್ನನ್ಯಾಕಜ್ಜಿ ಕೇಳ್ತೀಯ? ನಾನು ಹೇಳಲ್ಲ ಅಂದ್ನಾ? ಕಿತ್ಕೊಂಡನಲ್ಲ, ಅವನನ್ನ ಹೋಗಿ ಕೇಳು! ಬಿಡಬೇಡ ಅವನನ್ನ!"

ಆಮೇಲೆ ಬರಿಗಾಲಿನ ಸದ್ದು... ಸರ್... ಸರ್... ಕಾರ್ಖಾನೆಯ ಕಡೆಗೆ ಹೋಯಿತು.

ಮಾರನೇ ದಿನ ಸೈಲೆನ್ಸ್ ಬಂದ. ಕಣ್ಣು ಕೆಂಡ, ಗಂಟಲು ಕಟ್ಟಿ ಗೊರಗೊರ. ರಾತ್ರಿಯೆಲ್ಲ ಮಾತಾಡಿದವನ ಗಂಟಲು. ಬಾಯಿ ತೆರೆದು "ಸೈಲೆ..." ಅಂದವನು ಅರ್ಧಕ್ಕೇ ನಿಲ್ಲಿಸಿ ಹಿಂದೆ ತಿರುಗಿ ನೋಡಿದ. ಹಾಲ್‌ನಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ.

ಕೆಲವು ದಿನ ಬಿಟ್ಟು ಅವನ ಹೆಂಡತಿಯೇ ಅಕ್ಕನನ್ನು ಹುಡುಕಿಕೊಂಡು ಬಂದಳು. ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದಳು.

"ದೀಪ ಆರಿಸಿದ್ರೆ ಸಾಕು, ಮೂಲೆಯಿಂದ 'ಆಮೇಲೆ?' ಅಂತ ಕೇಳುತ್ತೆ ಕಣಮ್ಮ. ಇವರು ಏನೇನೋ ಹೇಳ್ತಾರೆ. ನೆಲ ಇತ್ತು ಅಂತಾರೆ, ಇರ್ಲಿಲ್ಲ ಅಂತಾರೆ. ಏನು ಹೇಳಿದ್ರೂ ಒಂದೇ ಮಾತು ಬರುತ್ತೆ... ಕಟ್ಟಿ ಹೇಳ್ಬೇಡ."

ಅಕ್ಕನ ತೋಳಿನ ರೋಮ ನಿಮಿರಿತು. ಆದರೂ ಕರಗಲಿಲ್ಲ.

"ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲಮ್ಮ," ಅಂದಳು. "ಆದ್ರೆ ಆ ಪುಟ ನನ್ನ ಹತ್ರಾನೂ ಇಲ್ಲ. ಅವರೇ ಹುಡುಕಲಿ."

ಈಗ ಹಾಲ್‌ನಲ್ಲಿ ಮತ್ತೆ ಓದುತ್ತಾರೆ, ಯಾರೂ ತಡೆಯಲ್ಲ. ಹೂಂಗುಡಲು ಮಾತ್ರ ಇನ್ನೂ ಯಾರೂ ಒಪ್ಪಿಲ್ಲ. ಸಿಟ್ಟು ಇಳೀತೇನೇ ಅಂತ ಮೊನ್ನೆ ಅಕ್ಕನನ್ನು ಕೇಳಿದೆ. "ಯಾಕೆ ಇಳೀಬೇಕು?" ಅಂದಳು.

ಸುಳ್ಳು ಅಂತೀರಾ? ರಜೆ ದಿನ ರದ್ದಿ ಅಂಗಡಿಗೆ ಹೋಗಿ ನೋಡಿ. ಕಳೆದ ವಾರ ನನ್ನ ಈ ಎರಡು ಕಣ್ಣಿಂದ ನೋಡಿದ್ದೀನಿ. ಸೈಲೆನ್ಸ್ ರಟ್ಟಿಲ್ಲದ ಪತ್ರಿಕೆಗಳ ರಾಶಿ ನಡುವೆ ಕೂತು ಹಾಳೆ ತಿರುವುತ್ತಿದ್ದ... ಸರಕ್... ಸರಕ್... ಪಕ್ಕದಲ್ಲಿ ಒಂದು ಸ್ಟೂಲ್ ಖಾಲಿಯಿತ್ತು. ಅಂಗಡಿಯವನು ಅದರ ಮೇಲೆ ಕೂರಲು ಹೋದ.

ಸೈಲೆನ್ಸ್ ತಲೆ ಎತ್ತದೆ, ಆ ಒಡಕು ದನಿಯಲ್ಲಿ ಮೆಲ್ಲಗೆ ಹೇಳಿದ:

"ಅಲ್ಲಿ ಬೇಡಪ್ಪ... ಕೂತಿದ್ದಾರೆ."