ಆಯಿಯ ಕಡೆಯಿಂದ ಬಂದದ್ದು

...ತಿನ್ನೇ ಸುಲು, ಮೆತ್ತಗೆ ಅನ್ನ ಮಾಡಿ ತುಪ್ಪ ಹಾಕಿ ತಂದಿದ್ದೀನಿ. ಈ ಪುಣೆ ಆಸ್ಪತ್ರೆಯ ಗಂಜಿ ನಿನಗೆ ಸೇರಲ್ಲ ಅಂತ ಅಕ್ಕನಿಗೆ ಗೊತ್ತಿಲ್ವಾ? ಯಾಕೆ ನಗ್ತೀಯ?

ಕ್ಯಾನ್ಸರಿನಲ್ಲೂ ನಿನ್ನದೇ ಅದೃಷ್ಟ ಕಣೇ. ಕರುಳಲ್ಲಿ ಅಣಬೆ ಥರ ಎದ್ದ ಗಂಟು, ರೋಗ ಬರೀ ಅದರ ತಲೆಯಲ್ಲಿ, ಕೆಳಗಿನ ಕಾಂಡಕ್ಕೆ ಇಳಿದೇ ಇಲ್ಲ. ಹೋದ ತಿಂಗಳು ಟ್ಯೂಬ್ ಹಾಕಿ ಕತ್ತರಿಸಿ ತೆಗೆದರು, ಇವತ್ತು ಮತ್ತೆ ನೋಡಿದರು, ಎಲ್ಲ ಚೊಕ್ಕ. ನಮ್ಮನ್ನ ಹೆತ್ತ ಆಯಿಗೆ ನಲವತ್ತೆರಡಕ್ಕೆ ಇದೇ ರೋಗಕ್ಕೆ ಹೊಟ್ಟೆ ಕೊಯ್ದರೂ ಉಳೀಲಿಲ್ಲ. ನಿನಗೆ ನೋಡು, ಊರೆಲ್ಲ ಹಣ್ಣು ಹೊತ್ಕೊಂಡು ಬರ್ತಿದೆ. ನಿನ್ನ ಗಂಡ ಬಾಗಿಲಲ್ಲಿ ನಿಂತು ಕಣ್ಣು ಒರೆಸ್ಕೋತಾನೆ. ನಮ್ಮನೆಯವರು, ನನಗೆ ಜ್ವರ ಬಂದರೆ, ಚಹಾ ಎಲ್ಲಿ ಅಂತಾರೆ.

ಹೂಂ, ಹೊಟ್ಟೆಕಿಚ್ಚೇ. ಆಯಿಯ ಬಣ್ಣ ನಿನಗೆ, ಕೂದಲು ನಿನಗೆ, ಗುಳಿ ಬೀಳೋ ಕೆನ್ನೆ ನಿನಗೆ. ಮನೆಗೆ ಬಂದವರೆಲ್ಲ, ಸುಲು ಥೇಟ್ ತಾಯಿ, ಅಕ್ಕ ಉಜ್ಜ್ವಲಾ ಅಪ್ಪನ ಕಡೆ, ಅನ್ನೋರು. ಇವತ್ತು ರಕ್ತದ ರಿಪೋರ್ಟೂ ಬಂತು. ಆಯಿಯ ಕೆಟ್ಟ ಜೀನೂ ನಿನ್ನಲ್ಲೇ ಇದೆಯಂತೆ. ಇದನ್ನೂ ಬಿಡಲಿಲ್ವಲ್ಲೇ ನೀನು.

ಹೆದರಬೇಡ. ವರ್ಷ ವರ್ಷ ತಪ್ಪದೆ ನೋಡಿಸ್ಕೊಂಡರೆ ಆಯ್ತು. ಬೇರೆಯವರಿಗೆ ಗಂಟು ಕೆಡೋಕೆ ಹತ್ತು ವರ್ಷ ಬೇಕು, ನಮ್ಮಂಥವರಿಗೆ ಎರಡು ಮೂರೇ ಸಾಕು, ಅದಕ್ಕೇ. ಹೊಟ್ಟೆ ಖಾಲಿ ಮಾಡೋ ಆ ಪುಡಿ ನೀರು ಕುಡಿದು ವಾಂತಿ ಬಂತು ಅಂದ್ಯಲ್ಲ, ಮುಂದಿನ ಸಲ ಫ್ರಿಜ್ಜಲ್ಲಿಟ್ಟು, ಮೂಗು ಮುಚ್ಚಿ ಕುಡಿ. ನಾನೂ ಹಾಗೇ...

ಏನಿಲ್ಲ. ಯಾರೋ ಹೇಳಿದ್ದರು.

ಹಾಗೆ ನೋಡಬೇಡ್ವೇ... ಯಾವ ಏಕಾದಶಿ? ಹೌದು, ನೀನು ಉಪವಾಸದವರು ತಿನ್ನೋ ಸಾಬುದಾಣಿ ಖಿಚಡಿ ಡಬ್ಬಿ ತುಂಬಿಸ್ಕೊಂಡು ಬಂದಿದ್ದೆ. ಏಕಾದಶಿಗೆ ಅದನ್ನ ಬೇಡ ಅನ್ನೋ ಹೆಂಗಸು ಎಲ್ಲಿದ್ದಾಳೆ ಅಂತ ನನ್ನ ಗೇಲಿ ಮಾಡಿದ್ದೆ. ಮಾರನೇ ದಿನ ನನಗೆ ಟ್ಯೂಬ್ ಹಾಕೋದಿತ್ತು. ಉಪವಾಸ ಅಂತ ಸುಳ್ಳು ಹೇಳಿದೆ.

ಆ ಜೀನು ನನ್ನಲ್ಲೂ ಇದೆ ಸುಲು. ಮೂರು ವರ್ಷ ಆಯ್ತು, ನನಗೆ ರಕ್ತ ಹೋದಾಗಲೇ ಗೊತ್ತಾಗಿದ್ದು. ನಿನಗೆ ಕೊಡು ಅಂತ ಡಾಕ್ಟರು ಒಂದು ಪತ್ರನೂ ಬರೆದುಕೊಟ್ಟಿದ್ದರು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಲೇಬೇಕು ಅಂತ. ತಗೊಂಡು ನಿನ್ನ ಮನೆ ಬಾಗಿಲವರೆಗೂ ಬಂದಿದ್ದೆ. ಒಳಗೆ ನೀನು ಆಯಿಯ ಪೈಠಣಿ ಸೀರೆ ಉಟ್ಟು, ಕನ್ನಡಿ ಮುಂದೆ ತಿರುಗಿ ತಿರುಗಿ ನೋಡ್ಕೋತಿದ್ದೆ. ನನಗೆ ಏನನ್ನಿಸ್ತು ಗೊತ್ತಾ... ಆಯಿಯದು ಅಂತ ನನಗೆ ಸಿಕ್ಕಿದ್ದು ಇದೊಂದೇ. ಕೆಟ್ಟದ್ದಾದರೂ ಇರಲಿ, ನನ್ನೊಬ್ಬಳದೇ ಆಗಿರಲಿ. ಪತ್ರ ಹರಿದು ಹಾಕಿದೆ. ಬರೋದು ಬಿಡೋದು ಅರ್ಧಕ್ಕರ್ಧ ಅಂದಿದ್ದರು. ನಿನಗೆ ಬಂದಿರಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ.

ಆವಾಗಲೇ ನೋಡಿದ್ದರೆ ಬರೀ ಗಂಟಿನಲ್ಲೇ ಮುಗೀತಿತ್ತು, ಕ್ಯಾನ್ಸರ್ ಆಗ್ತಿರಲಿಲ್ಲ. ಗೊತ್ತು ನನಗೆ.

ಬಯ್ಯೇ. ಒಂದು ಮಾತಾದರೂ ಬಯ್ಯಿ... ಗೋಡೆ ಕಡೆ ತಿರುಗಬೇಡ ಸುಲು.

ಏನು ಬೇಕು? ನೀರಾ? ಬೆಲ್ ಯಾಕೆ ಒತ್ತಿದೆ, ನರ್ಸ್ ಯಾಕೆ... ನಾನಿಲ್ವಾ ಇಲ್ಲಿ?